ಅಪ್‌ಡೇಟ್: ಅವ್ವನ ಮನೆಯ ಎರಡನೇ ಕಂತು ಬಂತು

ಕುಷ್ಟಗಿ ತಾಲ್ಲೂಕಿನ ನಮ್ಮೂರಿನಲ್ಲಿ ಅವ್ವನಿಗೆ ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ಮನೆ ಮಂಜೂರಾಗಿ, ತಳಪಾಯದ ನಂತರ ಹಣ ನಿಂತುಹೋಗಿದೆ, ಏನು ಮಾಡಲಿ ಎಂದು ಕೇಳಿದ್ದೆ. ಪಂಚಾಯಿತಿಯಲ್ಲೇ ವಿಚಾರಿಸಿ ಎಂದವರ ಮಾತು ಫಲಿಸಿತು. ತಳಪಾಯದ ಜಿಪಿಎಸ್ ಫೋಟೊವನ್ನೇ (ತೆಗೆದ ಜಾಗದ ಗುರುತು ಇರುವ ಫೋಟೊ) ಯಾರೂ ಅಪ್‌ಲೋಡ್ ಮಾಡಿರಲಿಲ್ಲ! ಅದಿಲ್ಲದೆ ಮುಂದಿನ ಕಂತು ಕದಲುವುದಿಲ್ಲವಂತೆ. ಸಿಬ್ಬಂದಿ ಬಂದು ಅವ್ವನನ್ನು ತಳಪಾಯದ ಕಲ್ಲಿನ ಮೇಲೆ ನಿಲ್ಲಿಸಿ ಮೊಬೈಲ್ ಹಿಡಿದರು; ಸೆರಗು ಸರಿಯಾಗುವವರೆಗೂ ಅವ್ವ ಅವರನ್ನು ಕಾಯಿಸಿದಳು. ಹಣ ಜಮೆಯಾಗಿದೆ.

ಆದರೆ ನೆರವು ಒಟ್ಟು 1.20 ಲಕ್ಷ ರೂಪಾಯಿ. ಕನಿಷ್ಠ ಅಳತೆಯಾದ 25 ಚದರ ಮೀಟರ್ ಮನೆಗೂ ಅದು ಎಲ್ಲಿಗೆ ಸಾಲುತ್ತದೆ? ಮರಳಿಗೆ, ಗೌಂಡಿಯ ಕೂಲಿಗೇ ಅರ್ಧ ಕರಗುತ್ತದೆ. ಈ ಮನೆ ಕಟ್ಟುವ ಕೆಲಸಕ್ಕೆ ಸಿಗುವ ಉದ್ಯೋಗ ಖಾತ್ರಿಯ 90 ದಿನಗಳ ಕೂಲಿ ಇದಕ್ಕೆ ಹೊರತಾದದ್ದು, ಬಿಡದೆ ಕೇಳಿ ಪಡೆಯಿರಿ. ಛಾವಣಿಗೆ ನಾವು ಸಂಘದಲ್ಲಿ ಸಾಲ ಎತ್ತುತ್ತಿದ್ದೇವೆ.