ರಾತ್ರಿ ಒಂದಾದರೂ ನಿದ್ದೆ ಇಲ್ಲ, ಎಲ್ಲಿಂದ ಸರಿ ಮಾಡೋದು?

ಬನಶಂಕರಿ ಹುಡುಗ:
ವಯಸ್ಸು 34, ಮನೆಯಿಂದಲೇ ಕೆಲಸ. ಎಂಟಕ್ಕೆ ಎದ್ದು ಮುಖ ತೊಳೆಯುವ ಮೊದಲೇ ಆಫೀಸ್ ಮೆಸೇಜ್ ನೋಡುತ್ತೇನೆ, ಆಮೇಲೆ ಸಂಜೆ ಏಳರವರೆಗೆ ಅದೇ ಕುರ್ಚಿ. ಬೆನ್ನು ಹಿಡಿದುಕೊಂಡಿದೆ, ಸಣ್ಣ ಮಾತಿಗೂ ಮನೆಯವರ ಮೇಲೆ ರೇಗುತ್ತೇನೆ, ರಾತ್ರಿ ಒಂದಾದರೂ ಕಣ್ಣು ಮುಚ್ಚಲ್ಲ. ಜಿಮ್‌ಗೆ ವರ್ಷದ ದುಡ್ಡು ಕಟ್ಟಿ 19 ದಿನ ಹೋದೆ, ನಗಬೇಡಿ. ಐದಕ್ಕೆ ಏಳಿ, ಧ್ಯಾನ ಮಾಡಿ ಅನ್ನುವವರು ಬೇಕಾದಷ್ಟಿದ್ದಾರೆ. ನಿಮ್ಮ ಮನೆಯಲ್ಲಿ ನಿಜವಾಗಿ ಉಳಿದಿರುವ ಅಭ್ಯಾಸ ಹೇಳ್ತೀರಾ?

ಡಿಕಾಕ್ಷನ್:
ಸಂಜೆ ಕಾಫಿ ಎಷ್ಟು ಗಂಟೆಗೆ? ನಾನು ಆರಕ್ಕೊಂದು ಸ್ಟ್ರಾಂಗ್ ಲೋಟ ಕುಡಿದು, ನಿದ್ದೆ ಬರಲ್ಲ ಅಂತ ವರ್ಷಗಟ್ಟಲೆ ಗೋಳಾಡಿದೆ. ಮೈಯಲ್ಲಿರೋ ಕೆಫೀನ್ ಅರ್ಧಕ್ಕೆ ಇಳಿಯೋಕೇ ಸುಮಾರು ಐದು ಗಂಟೆ ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ಹನ್ನೊಂದಕ್ಕೆ ಮಲಗಿದರೂ ಅರ್ಧ ಲೋಟ ಒಳಗೇ ಇರುತ್ತೆ ಅಲ್ವಾ? ಬಿಡೋಕಾಗಲಿಲ್ಲ, ಮಧ್ಯಾಹ್ನ ಎರಡಕ್ಕೆ ತಂದೆ. ಮೊದಲ ವಾರ ತಲೆನೋವು, ಆಮೇಲೆ ಸರಿಹೋಯಿತು. ಫೋನ್ ಚಾರ್ಜರ್ ಈಗ ಅಡುಗೆಮನೆಯಲ್ಲಿ, ಮಿಕ್ಸಿ ಪಕ್ಕ. ಅಲಾರಂ ನಿಲ್ಲಿಸೋಕೆ ಅಲ್ಲಿಗೆ ಹೋಗಲೇಬೇಕು, ಹೋದವನು ಹಾಲು ಕಾಯಿಸಿಯೇ ಬಿಡುತ್ತೇನೆ.

ಕುಕ್ಕರಹಳ್ಳಿ ಏರಿ:
ಬೆಳಿಗ್ಗೆ ಹೊರಗೆ ಹೋಗಿ ಸಾರ್. ಆ ಬೆಳಕು ಕಣ್ಣಿಗೆ ಬಿದ್ದರೆ ರಾತ್ರಿ ನಿದ್ದೆ ಬೇಗ ಬರುತ್ತೆ, ಮೋಡ ಇದ್ದರೂ ಟ್ಯೂಬ್‌ಲೈಟ್‌ಗಿಂತ ಎಷ್ಟೋ ಪಟ್ಟು ಜಾಸ್ತಿ ಬೆಳಕು ಹೊರಗಿರುತ್ತೆ. ಶೂ, ಟ್ರ್ಯಾಕ್ ಪ್ಯಾಂಟ್ ಅಂತ ಹುಡುಕುತ್ತಾ ಕೂತರೆ ಕೆಟ್ಟಿತು. ಚಪ್ಪಲಿ ಮೆಟ್ಟಿಕೊಂಡು ಹಾಲು ತರೋಕೆ ಹೋಗಿ, ದೂರದ ಅಂಗಡಿಗೆ. 10,000 ಹೆಜ್ಜೆ ಅಂತ ತಲೆ ಕೆಡಿಸಿಕೊಳ್ಳಬೇಡಿ, ಅದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರು! ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ವಾರಕ್ಕೆ 150 ನಿಮಿಷ, ಬಿರುಸಾಗಿ ನಡೆದರೂ ಸಾಕು.

ಅಂಗಳದ ರಂಗೋಲಿ:
ನನಗೆ 66 ಕಣಪ್ಪಾ, ಈಗಲೂ ಕುಕ್ಕರುಗಾಲಲ್ಲಿ ಕೂತೇ ರಂಗೋಲಿ ಹಾಕುತ್ತೇನೆ. ಒಂದು ಹೊತ್ತಾದರೂ ನೆಲದ ಮೇಲೆ ಕೂತು ಊಟ ಮಾಡು, ಆ ಕುರ್ಚಿಯಿಂದ ಏಳೋಕೆ ಒಂದು ನೆಪ. ಭಾನುವಾರ ಎಣ್ಣೆ ಸ್ನಾನ. ಹರಳೆಣ್ಣೆ ದಪ್ಪ, ಅರ್ಧ ಕೊಬ್ಬರಿ ಎಣ್ಣೆ ಬೆರೆಸಿ ಉಗುರುಬೆಚ್ಚಗೆ ಮಾಡಿಕೊ. ನೆತ್ತಿ, ಬೆನ್ನು, ಅಂಗಾಲಿಗೆ ತಿಕ್ಕಿ ಒಂದು ಗಂಟೆ ಸುಮ್ನೆ ಕೂತಿರು. ನನ್ನ ಮಗ ಫೋನ್ ಮುಟ್ಟದೆ ಇರೋದು ವಾರದಲ್ಲಿ ಆ ಒಂದು ಗಂಟೆ ಮಾತ್ರ, ಕೈಯೆಲ್ಲಾ ಎಣ್ಣೆ ನೋಡು. ಅವನು ಮನಸ್ಸು ಬಿಚ್ಚಿ ಮಾತಾಡೋದೂ ಆಗಲೇ.

ರಾತ್ರಿಪಾಳಿ:
ಒಂದು ಮಾತು. ಈ ರೇಗಾಟ, ನಿದ್ದೆಗೇಡು ಎರಡು ವಾರಕ್ಕಿಂತ ಜಾಸ್ತಿ ಆಗಿದ್ದರೆ 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ ಮಾನಸ್, ಮನಸ್ಸಿನ ತೊಂದರೆಗೆ ಇರೋ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಾನೂ ಮಾಡಿದ್ದೇನೆ, ನಾಚಿಕೆ ಏನಿಲ್ಲ.

ಬನಶಂಕರಿ ಹುಡುಗ:
ಕಾಫಿ ಆರೂವರೆಗೆ, ಸಿಕ್ಕಿಬಿದ್ದೆ. ನಂಬರ್ ಬರೆದಿಟ್ಟುಕೊಂಡೆ. ಅಮ್ಮಾ, ನಮ್ಮಲ್ಲಿ ಹಂಡೆ ಇಲ್ಲ, ಗೀಸರ್ ನೀರು ನಡೆಯುತ್ತಾ?

ಅಂಗಳದ ರಂಗೋಲಿ:
ನಡೆಯುತ್ತೆ. ಬಚ್ಚಲಲ್ಲಿ ಜಾರಿ ಬಿದ್ದೀಯ, ನೆಲಕ್ಕೂ ಸ್ವಲ್ಪ ಸೀಗೆಪುಡಿ ಹಾಕಿ ಉಜ್ಜು.