ನೆಲಮಾಳಿಗೆಯಲ್ಲಿ ನೀರು ಜಿನುಗುತ್ತಿದೆ, ಒಳಗೆ ಪೇಂಟ್ ಹೊಡೆಸಿದರೆ ನಿಲ್ಲುತ್ತಾ?

ಪ್ರಶ್ನೆ, ದಾವಣಗೆರೆ:
ಎರೆಮಣ್ಣಿನ ಸೈಟು, ಪಕ್ಕದಲ್ಲೇ ಭದ್ರಾ ನಾಲೆಯ ಗದ್ದೆಗಳು. ನೆಲಮಾಳಿಗೆ ಎಂಟಡಿ ಆಳ, ಕಾಂಕ್ರೀಟ್ ಗೋಡೆ. ಎರಡಡಿವರೆಗೆ ಗೋಡೆ ಒದ್ದೆ, ಬಿಳಿ ಉಪ್ಪು ಏಳುತ್ತಿದೆ, ನೆಲ-ಗೋಡೆ ಕೂಡುವ ಮೂಲೆಯಲ್ಲಿ ನೀರು ಜಿನುಗುತ್ತದೆ. ಮಳೆ ಇಲ್ಲದಾಗಲೂ ನಿಲ್ಲಲ್ಲ. ವಾಟರ್‌ಪ್ರೂಫ್ ಪೇಂಟ್ ಸಾಕು ಅಂತಾರೆ. ಗೊತ್ತಿರೋರು ಹೇಳಿ.

ಪ್ಲಂಬಿಂಗ್ ಕೆಲಸದವರು, ದಾವಣಗೆರೆ:
ಮೊದಲು ಸಂಪು ನೋಡಿ. ತುಂಬಿಸಿ, ಒಳಬರುವ ವಾಲ್ವ್ ಮುಚ್ಚಿ, ಮೋಟಾರ್ ಬಂದ್ ಮಾಡಿ, ನೀರಿನ ಮಟ್ಟಕ್ಕೆ ಸೀಮೆಸುಣ್ಣದ ಗೆರೆ ಎಳೆಯಿರಿ. 24 ಗಂಟೆಯಲ್ಲಿ ಅರ್ಧ ಇಂಚಿಗಿಂತ ಹೆಚ್ಚು ಇಳಿದರೆ ನಿಮ್ಮ ನೆಲಮಾಳಿಗೆಗೆ ಬರುತ್ತಿರೋದು ಬಹುಶಃ ನೀವೇ ತುಂಬಿಸಿದ ನೀರು. ಬಾತ್‌ರೂಮ್ ನೆಲದ ನೀರು ಹೋಗುವ ಟ್ರ್ಯಾಪಿಗೆ ಬಣ್ಣದ ನೀರು ಸುರಿದು ಗೋಡೆ ಮೇಲೆ ಬಣ್ಣ ಕಾಣುತ್ತಾ ನೋಡಿ. ಗೋಡೆಯ ಒದ್ದೆ ಜಾಗದಲ್ಲಿ ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಎರಡು ದಿನ ಬಿಡಿ. ಹನಿ ಹಾಳೆಯ ಹಿಂದೆ ಇದ್ದರೆ ಸೋರಿಕೆ, ಕೋಣೆಯ ಕಡೆ ಇದ್ದರೆ ಗಾಳಿಯ ತೇವ. ಗಾಳಿಯ ತೇವಕ್ಕೆ ಎಕ್ಸಾಸ್ಟ್ ಫ್ಯಾನ್ ಹಾಕಿ ನೋಡಿ.

ಸಿವಿಲ್ ಕೆಲಸದವರು, ದಾವಣಗೆರೆ:
ಸಂಪು ಸರಿ ಇದ್ದರೆ ಇದು ನಾಲೆ ನೀರಿನ ಲಕ್ಷಣ. ಗದ್ದೆಯಲ್ಲಿ ನೀರು ನಿಂತಿರೋ ತಿಂಗಳುಗಳಲ್ಲಿ ಅಂತರ್ಜಲ ಮೇಲೇರುತ್ತೆ, ಮಳೆಗಾಲ ಬೇಸಿಗೆ ಅಂತ ನೋಡಲ್ಲ. ಮನೆ ಹೊರಗೆ ಹತ್ತಡಿ ಆಳ ಕೊರೆದು, ಕೆಳಭಾಗಕ್ಕೆ ತೂತು ಹಾಕಿದ ಎರಡಿಂಚಿನ ಪಿವಿಸಿ ಪೈಪ್ ಇಳಿಸಿ, ವಾರಕ್ಕೊಮ್ಮೆ ಟೇಪ್ ಬಿಟ್ಟು ಅಳೆಯಿರಿ. ನೆಲಮಾಳಿಗೆಯ ನೆಲದ ಮಟ್ಟಕ್ಕಿಂತ ಮೇಲೆ ನೀರು ನಿಂತಿದ್ದರೆ ಒಳಗಿನ ಪೇಂಟ್ ನಿಲ್ಲಲ್ಲ. ಒಂದು ಮೀಟರ್ ನೀರು ಚದರ ಮೀಟರಿಗೆ ಒಂದು ಟನ್ ಒತ್ತುತ್ತೆ. ನಾಲ್ಕಿಂಚಿನ ಪಿಸಿಸಿ (ಕಬ್ಬಿಣ ಹಾಕದ ಕಾಂಕ್ರೀಟ್) ನೆಲದ ತೂಕ ಅಷ್ಟೇ ಜಾಗಕ್ಕೆ ಸುಮಾರು 240 ಕೆಜಿ. ನೆಲವನ್ನೇ ಎತ್ತುವ ನೀರಿಗೆ ಪೇಂಟ್ ಯಾವ ಲೆಕ್ಕ?

ಖಾಯಂ ಪರಿಹಾರ ಹೊರಗಡೆಯಿಂದ. ನಾಲೆ ಬಂದ್ ಇರುವಾಗ, ಫೂಟಿಂಗ್ (ಅಡಿಪಾಯದ ತಳ) ಮಟ್ಟದವರೆಗೆ ಹತ್ತಡಿ ಉದ್ದದ ತುಂಡುಗಳಲ್ಲಿ ಅಗೆಯಿರಿ, ಒಂದನ್ನು ಮುಗಿಸಿ ತುಂಬಿದ ಮೇಲೆ ಇನ್ನೊಂದು. ಎರೆಮಣ್ಣಿನ ಗುಂಡಿ ಯಾವ ಸದ್ದೂ ಇಲ್ಲದೆ ಕುಸಿಯುತ್ತೆ, ಹಲಗೆ ಕೊಟ್ಟು ಆಧಾರ ನಿಲ್ಲಿಸದೆ ಯಾರನ್ನೂ ಒಳಗಿಳಿಸಬೇಡಿ. ಗೋಡೆ ತೊಳೆದು, ಜೇನುಗೂಡಿನ ಹಾಗೆ ತೂತಾದ ಕಡೆ ಕೆತ್ತಿ ತುಂಬಿ, 1:4 ಸಿಮೆಂಟ್ ಗಾರೆ (ಒಂದು ಪಾಲು ಸಿಮೆಂಟ್, ನಾಲ್ಕು ಪಾಲು ಮರಳು), ಅದರ ಮೇಲೆ ಎಪಿಪಿ ಮೆಂಬ್ರೇನ್ (ನೀರು ತಡೆಯುವ ಡಾಂಬರಿನ ಹಾಳೆ), ಅದಕ್ಕೆ ಕಲ್ಲು ಚುಚ್ಚದ ಹಾಗೆ ರಕ್ಷಣೆ ಬೋರ್ಡ್. ಬುಡದಲ್ಲಿ ನೀರು ಹರಿದು ಹೋಗೋಕೆ ತೂತು ಹಾಕಿದ ನಾಲ್ಕಿಂಚಿನ ಪೈಪ್, ತೂತು ಕೆಳಮುಖ, ಸುತ್ತ 20 ಎಂಎಂ ಜೆಲ್ಲಿ, ಜೆಲ್ಲಿಯ ಸುತ್ತ ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ. ಹತ್ತಡಿಗೆ ಒಂದೂಕಾಲು ಇಂಚು ಇಳಿಜಾರು ಕೊಡಿ. ಬಟ್ಟೆ ಬಿಟ್ಟರೆ ಎರೆಮಣ್ಣು ಪೈಪ್ ಕಟ್ಟಿಸಿಬಿಡುತ್ತೆ.

ತುಂಬುವಾಗ ಎರೆಮಣ್ಣನ್ನು ಮತ್ತೆ ಹಾಕಬೇಡಿ, ಗರಸು ಹಾಕಿ ಪದರ ಪದರವಾಗಿ ದಮ್ಮಸು ಮಾಡಿಸಿ. ಎರೆ ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತೆ, ಮೊದಲ ಮಳೆಯ ನೀರು ಆ ಬಿರುಕಿನಿಂದ ನೇರ ಅಡಿಪಾಯಕ್ಕೆ ಇಳಿಯುತ್ತೆ. ಮನೆ ಸುತ್ತ ಮೂರಡಿ ಅಗಲ ಕಾಂಕ್ರೀಟ್ ಪಟ್ಟಿ, ಹೊರಕ್ಕೆ ಇಳಿಜಾರು.

ಕಲ್ಲು ಕಟ್ಟಡದ ಕೆಲಸದವರು, ಚಿತ್ರದುರ್ಗ:
ನಮ್ಮ ಕಡೆ ಕಥೆ ಬೇರೆ. ಬೆಟ್ಟದ ಬುಡದಲ್ಲಿ ಬಂಡೆ ಕೆತ್ತಿ ನೆಲಮಾಳಿಗೆ ಮಾಡಿದರೆ, ಬಂಡೆಗೂ ಗೋಡೆಗೂ ನಡುವಿನ ಸಂದು ತೊಟ್ಟಿ ಆಗುತ್ತೆ. ಬಂಡೆ ಮೇಲ್ಮೈ ಹಿಡಿದು ಹರಿದ ಮಳೆ ನೀರು ಅಲ್ಲಿ ನಿಲ್ಲುತ್ತೆ, ಹೋಗೋಕೆ ದಾರಿ ಇಲ್ಲ. ಆ ಸಂದಿಗೆ ಮೇಲೆ ಹೇಳಿದ, ಜೆಲ್ಲಿ ಸುತ್ತಿದ ಪೈಪೇ ಔಷಧಿ. ಸೈಜುಗಲ್ಲಿನ ಗೋಡೆಯಾದರೆ ಸಂದುಗಳ ಹಳೇ ಗಾರೆಯನ್ನು ಎರಡಿಂಚು ಆಳ ಕೆರೆದು ತೆಗೆದು, ನೀರು ಚಿಮುಕಿಸಿ, 1:3 ಗಾರೆ ಒತ್ತಿ ತುಂಬಿ. ಕ್ರಿಸ್ಟಲೈನ್ ಕೋಟಿಂಗ್ ಕಲ್ಲಿಗೆ ಹಿಡಿಯಲ್ಲ, ಅದು ಕಾಂಕ್ರೀಟಿನೊಳಗಿನ ಸುಣ್ಣದ ಜೊತೆ ಸೇರಿ ಹರಳಾಗೋ ಪದಾರ್ಥ.

ಅದೇ ಸಿವಿಲ್ ಕೆಲಸದವರು:
ಹೊರಗೆ ಅಗೆಯೋಕೆ ಜಾಗವೇ ಇಲ್ಲದಿದ್ದರೆ ಒಳಗಿನ ದಾರಿ. ಪೇಂಟ್, ಪುಟ್ಟಿ ಪೂರ್ತಿ ಕೆರೆದು ಕಾಂಕ್ರೀಟ್ ಕಾಣಿಸಿ. ನೀರು ಹರಿಯುವ ಬಿರುಕನ್ನು ಒಂದಿಂಚು ಆಳ, ಒಳಗೆ ಅಗಲವಾಗಿ ಕೆತ್ತಿ, ಮೇಲಿಂದ ಕೆಳಕ್ಕೆ ವಾಟರ್ ಪ್ಲಗ್ (ಬೇಗ ಗಟ್ಟಿಯಾಗುವ ಸಿಮೆಂಟ್ ಪುಡಿ ಕಲಸಿದ್ದು) ಒತ್ತುತ್ತಾ ಬನ್ನಿ. ಅದು ಮೂರರಿಂದ ಐದು ನಿಮಿಷದಲ್ಲಿ ಗಟ್ಟಿಯಾಗುತ್ತೆ, ಮುಷ್ಟಿಯಷ್ಟೇ ಕಲಸಿ, ಕೈಯಲ್ಲಿ ಬಿಸಿಯಾದ ಕೂಡಲೇ ಒತ್ತಿ ಹಿಡಿಯಿರಿ. ಕೆಳಗಿನ ಒಂದು ತೂತು ಕೊನೆಗೆ ಮುಚ್ಚಿ, ಅಲ್ಲಿವರೆಗೆ ಒತ್ತಡ ಹೊರಹೋಗಲಿ. ಉದ್ದ ಬಿರುಕಿಗೆ ಪಿಯು ಇಂಜೆಕ್ಷನ್ (ತೂತು ಕೊರೆದು ಬಿರುಕಿನೊಳಗೆ ಪಾಲಿಯುರೆಥೇನ್ ರಾಳ ಒತ್ತಿ ತುಂಬುವುದು): ಬಿರುಕಿನ ಎರಡೂ ಬದಿ ಅದಲು-ಬದಲಾಗಿ, 15-20 ಸೆಂ.ಮೀ.ಗೊಂದು, 45 ಡಿಗ್ರಿಯಲ್ಲಿ ಡ್ರಿಲ್. ನೆಲ-ಗೋಡೆ ಮೂಲೆಗೆ ಎರಡಿಂಚಿನ ಪಾಲಿಮರ್ ಗಾರೆಯ ದುಂಡಗಿನ ಅಂಚು. ಆಮೇಲೆ ಗೋಡೆ ಒದ್ದೆ ಇರುವಾಗಲೇ ಕ್ರಿಸ್ಟಲೈನ್ ಎರಡು ಕೋಟ್, ಮೂರು ದಿನ ದಿನಕ್ಕೆ ಮೂರು ಸಲ ನೀರು ಸಿಂಪಡಣೆ.

ಇಷ್ಟಾದರೂ ನೆಲದಡಿಯ ಒತ್ತಡ ಉಳಿಯುತ್ತೆ. ಮೂಲೆಯಲ್ಲಿ ಎರಡಡಿ ಚೌಕ, ಎರಡೂವರೆ ಅಡಿ ಆಳದ ಗುಂಡಿ, ಅರ್ಧ ಎಚ್‌ಪಿ ಸಬ್‌ಮರ್ಸಿಬಲ್ ಪಂಪ್, ನೀರು ಏರಿದಾಗ ಅದನ್ನು ತಾನೇ ಚಾಲೂ ಮಾಡುವ ಫ್ಲೋಟ್ ಸ್ವಿಚ್, ಕರೆಂಟ್ ಸೋರಿದರೆ ಸಪ್ಲೈ ಕಡಿಯುವ 30 ಮಿಲಿಆಂಪಿಯರ್ ಇಎಲ್‌ಸಿಬಿ. ಪಂಪಿನ ಪೈಪಿಗೆ ನೀರು ಹಿಂದಕ್ಕೆ ಬಾರದ ಹಾಗೆ ನಾನ್ ರಿಟರ್ನ್ ವಾಲ್ವ್ ಇರಲಿ, ಹೊರಗಿನ ಬಾಯಿ ಗೋಡೆಯಿಂದ ದೂರ ಚರಂಡಿಗೆ ತೆರೆಯಲಿ. ಅಂಗಳಕ್ಕೆ ಬಿಟ್ಟರೆ ಅದೇ ನೀರು ಮತ್ತೆ ಗುಂಡಿಗೇ ಬರುತ್ತೆ. ನಾಲೆಗೆ ನೀರು ಬಿಡುವ ಮೊದಲು ಒಂದು ಬಕೆಟ್ ಸುರಿದು ಫ್ಲೋಟ್ ಏಳುತ್ತಾ ನೋಡಿ.