ಲೋನಾರ್ ಕುಳಿಗೆ ಒಂದು ದಿನ ಕೊಡಬಹುದಾ?

ಮೊದಲ_ಸಲ:
ಡಿಸೆಂಬರ್‌ನಲ್ಲಿ ಅಮ್ಮನ್ನ ಕರ್ಕೊಂಡು ಅಜಂತಾ ಎಲ್ಲೋರಾಗೆ ಹೊರಟಿದೀವಿ, ರೂಮು ಔರಂಗಾಬಾದಲ್ಲಿ, ಒಂದು ದಿನ ಖಾಲಿ ಇದೆ. ನಂಗೆ ಸ್ಕೂಲಲ್ಲಿ ಓದಿದಾಗಿಂದ ಲೋನಾರ್, ಅದೇ ಮಹಾರಾಷ್ಟ್ರದಲ್ಲಿ ಉಲ್ಕೆ ಬಿದ್ದು ಆದ ಕುಳಿ, ನೋಡೋ ಆಸೆ, ಮನೇಲಿ ಮಾತ್ರ "ಒಂದು ಹೊಂಡ ನೋಡಕ್ಕೆ ಅಷ್ಟು ದೂರನಾ" ಅಂತ ನಗ್ತಿದಾರೆ. ಬಿದ್ದ ಉಲ್ಕೆ ಏನಾದ್ರೂ ಕಾಣುತ್ತಾ? ಅಮ್ಮಂಗೆ ಮಂಡಿನೋವು, ಕೆಳಗೆ ಇಳೀಲೇಬೇಕಾ?

ಕಲ್ಲುಮರುಳ:
ಉಲ್ಕೆ ಹುಡುಕಕ್ಕೆ ಹೋಗ್ಬೇಡಿ, ಆ ಹೊಡೆತಕ್ಕೆ ಅದು ಬಹುಪಾಲು ಕರಗಿ ಆವಿಯಾಗಿ ಹೋಗಿದೆ. ನೋಡ್ಬೇಕಾದ್ದು ಕುಳಿಯ ಅಂಚು. ದಖನ್ನಿನ ಕಪ್ಪು ಬಸಾಲ್ಟ್, ಅಂದ್ರೆ ಲಾವಾ ಆರಿ ಗಟ್ಟಿಯಾದ ಕಲ್ಲು, ಬೇರೆ ಕಡೆ ಚಾಪೆ ಪೇರಿಸಿಟ್ಟ ಹಾಗೆ ಮಟ್ಟಸವಾಗಿರುತ್ತೆ, ಇಲ್ಲಿ ಅಂಚಲ್ಲಿ ಮಾತ್ರ ಪದರಗಳು ಮೇಲೆದ್ದು ಹೊರಗಡೆಗೆ ವಾಲಿವೆ, ಒಳಗಿಂದ ಯಾರೋ ಒದ್ದ ಹಾಗೆ. ಅದನ್ನ ಕಣ್ಣಾರೆ ನೋಡಿದ್ಮೇಲೆ ನಂಗೆ ಬೇರೆ ಸಾಕ್ಷಿ ಬೇಕಾಗ್ಲಿಲ್ಲ. ಈ ಕಡೆಯಿಂದ ಆ ಕಡೆಗೆ 1.8 ಕಿಮೀ, ಫೋಟೋದಲ್ಲಿ ಹಿಡಿಯಲ್ಲ ಬಿಡಿ. ವಯಸ್ಸು 52 ಸಾವಿರ ವರ್ಷ ಅಂತ ಎಲ್ಲಾ ಕಡೆ ಬರೆದಿರ್ತಾರೆ, ಅದು ಹಳೇ ಲೆಕ್ಕ. ಆಮೇಲೆ ಆರ್ಗಾನ್ ವಿಧಾನದಲ್ಲಿ, ಅಂದ್ರೆ ಕಲ್ಲೊಳಗಿನ ಆರ್ಗಾನ್ ಅನಿಲ ಅಳೆದು, ನೋಡಿದಾಗ ಸುಮಾರು 5.7 ಲಕ್ಷ ವರ್ಷ ಬಂತು. ಒಂದು ವಿನಂತಿ, ನೆನಪಿಗೆ ಅಂತ ಕಲ್ಲು ಎತ್ಕೊಂಡು ಬರ್ಬೇಡಿ, ಅದು ಅಭಯಾರಣ್ಯ.

ಅರಿಶಿನ_ಕುಂಕುಮ:
ಕುಳಿಯ ತಳದಲ್ಲಿರೋ ಕೆರೆ ಬಗ್ಗೆ ಯಾರೂ ಹೇಳ್ಲಿಲ್ವಲ್ಲ! ನೀರು ಉಪ್ಪೂ ಹೌದು ಕ್ಷಾರನೂ ಹೌದು, ಪಿಎಚ್ 10ರ ಆಸುಪಾಸು. ನಾವು ಮಕ್ಕಳಿಗೆ ತೋರ್ಸೋಣ ಅಂತ ಬಿಳಿ ಪೇಪರ್‌ಗೆ ಅರಿಶಿನ ಬಳಿದು ಒಣಗಿಸಿ ತಗೊಂಡು ಹೋಗಿದ್ವಿ, ದಡದಲ್ಲಿ ಒಂದು ಹನಿ ಬಿಟ್ಟಿದ್ದೇ ತಡ ಸುಣ್ಣ ಹಾಕಿದ ಹಾಗೆ ಕೆಂಪಾಯ್ತು, ಮಕ್ಕಳ ಮುಖ ನೋಡ್ಬೇಕಿತ್ತು ನೀವು. 2020ರ ಜೂನ್‌ನಲ್ಲಿ ಇಡೀ ಕೆರೆನೇ ಗುಲಾಬಿ ಆಗಿತ್ತು ನೆನಪಿದ್ಯಾ, ಉಪ್ಪಲ್ಲೇ ಬದುಕೋ ಸೂಕ್ಷ್ಮಜೀವಿಗಳ ಬಣ್ಣ ಅದು ಅಂತ ಪುಣೆಯ ಅಗರ್ಕರ್ ಸಂಸ್ಥೆಯವ್ರು ಹೇಳಿದ್ರು. ಅದೇ ವರ್ಷ ರಾಮ್ಸರ್ ಪಟ್ಟಿಗೂ, ಅಂದ್ರೆ ಜಗತ್ತಿನ ಮುಖ್ಯ ಜೌಗು-ಕೆರೆಗಳ ಪಟ್ಟಿಗೂ, ಸೇರ್ತು.

ಗಾಡಿ_ಹತ್ತಿ:
ಸೋಮವಾರ ಅಜಂತಾ ರಜಾ, ಮಂಗಳವಾರ ಎಲ್ಲೋರಾ ರಜಾ, ಹಾಗಾಗಿ ಲೋನಾರ್‌ನ ಅದ್ರಲ್ಲೊಂದು ದಿನಕ್ಕೆ ಹಾಕ್ಕೊಳ್ಳಿ. ಒಂದು ಕಡೆಗೇ 150 ಕಿಮೀ ಹತ್ರ, ಬೆಳಕು ಹರಿಯೋ ಮುಂಚೆ ಬಿಡಿ. ಅಮ್ಮನ್ನ ಇಳಿಸ್ಬೇಡಿ ಸರ್, ಇಳಿಯೋದು ಸಲೀಸು, ವಾಪಸ್ ಹತ್ತೋವಾಗ ನನ್ನಂಥ ನಲವತ್ತರವನಿಗೇ ಉಸಿರು ಬಂದಿಲ್ಲ. ಮೇಲೆ ಅಂಚಿಂದನೇ ಪೂರ್ತಿ ಕಾಣುತ್ತೆ, ಆಮೇಲೆ ಊರೊಳಗಿನ ದೈತ್ಯಸೂದನ ಗುಡಿಗೆ ಕರ್ಕೊಂಡ್ಹೋಗಿ. ಈ ಗುಂಡೀಲಿ ಅಡಗಿದ್ದ ಲವಣಾಸುರನ್ನ ವಿಷ್ಣು ಕೊಂದ ಅನ್ನೋ ಕತೆ ಆ ಗುಡೀದೇ.

ಮೊದಲ_ಸಲ:
ಎಲ್ರಿಗೂ ಥ್ಯಾಂಕ್ಸ್. ರಾತ್ರಿ ಊಟಕ್ಕೆ ಕೂತಾಗ ಅಮ್ಮಂಗೆ ಲವಣಾಸುರನ ಕತೆ ಹೇಳ್ದೆ, ಈಗ ಎಲ್ಲರಿಗಿಂತ ಮೊದ್ಲು ಅವ್ರೇ ರೆಡಿ, ಅರಿಶಿನದ ಚೀಟಿನೂ ತಾನೇ ಮಾಡ್ಕೊಡ್ತೀನಿ ಅಂತಿದಾರೆ. ಸೋಮವಾರಕ್ಕೆ ಗಾಡಿ ಹೇಳಿದೀನಿ.